ಎತ್ತಿ ಹಿಡಿದ ಚಪ್ಪಲಿ

ನಾನು ಐತಿಹಾಸಿಕ ಕಾದಂಬರಿ ಬರೆಯುತ್ತೇನೆ, ಭಾನುವಾರಗಳಂದು ಬರೆಯುವುದನ್ನು ಕಲಿಸುತ್ತೇನೆ. ಮೊದಲನೆಯದು ಹೊಟ್ಟೆ ತುಂಬಿಸಲಿಲ್ಲ, ಎರಡನೆಯದು ತಲೆ ಕೆಡಿಸಿತು.

ವಾಡಿಯಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಸೇಡಂಗೆ ಹೋಗುತ್ತಿದ್ದೆ. ಅಲ್ಲಿ ಶಾಲೆಯೊಂದರ ಕೋಣೆ, ಸಿಮೆಂಟ್ ಧೂಳು ಕೂತ ಬೆಂಚುಗಳು, ಹತ್ತು ಹನ್ನೆರಡು ಮಂದಿ. ಹಿರಿಯರನ್ನು ಕೇಳಿ ಬರೆಯಿರಿ, ಮನಸ್ಸಿಗೆ ಬಂದದ್ದನ್ನು ಇತಿಹಾಸ ಮಾಡಬೇಡಿ ಎಂಬುದು ನನ್ನ ಖಾಯಂ ಪಾಠ. ಜೊತೆಗೊಂದು ಚಟವಿತ್ತು. ಯಾರು ಏನು ಬರೆದು ತಂದರೂ ಮೊದಲ ಪುಟ ಮಾತ್ರ ಓದುತ್ತಿದ್ದೆ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದಗುಳು ಸಾಕು ಎಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಅವರು ಅದನ್ನು ಅನುಭವ ಎಂದುಕೊಂಡಿದ್ದರು, ಪಾಪ.

ಚಿತ್ತಾಪುರದ ಕಡೆಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಕಾಗಿಣಾ ದಂಡೆಯ ಅಂಬಿಗರ ಮನೆಯವಳು. ಸೇತುವೆ ಆದ ಮೇಲೆ ಹರಿಗೋಲು ಬಿಟ್ಟು ಹೊಲಕ್ಕಿಳಿದ ಮನೆತನ. ಒಮ್ಮೆ ತನ್ನ ಮುತ್ಯಾನ ಬಗ್ಗೆ, ಅಂದರೆ ಅಜ್ಜನ ಬಗ್ಗೆ, ಒಂದು ಹಾಳೆ ಬರೆದು ತಂದಳು. ಸಾವಿನ ಸುದ್ದಿ ಹೊತ್ತವರು ಆಚೆ ದಡಕ್ಕೆ ಬಂದರೆ ಕೂಗುತ್ತಿರಲಿಲ್ಲವಂತೆ. ಒಂದು ಚಪ್ಪಲಿ ಕಳಚಿ ತಲೆಯ ಮೇಲೆ ಎತ್ತಿ ಹಿಡಿದು ನಿಲ್ಲುತ್ತಿದ್ದರಂತೆ. ಮುತ್ಯಾ ಉಣ್ಣುವ ರೊಟ್ಟಿ ಅಲ್ಲೇ ಬಿಟ್ಟು ಹರಿಗೋಲು ಹಾಕುತ್ತಿದ್ದನಂತೆ.

ಓದಿ ಮೈ ಜುಮ್ಮೆಂದಿತು. ಬಾಯಿಂದ ಬಂದದ್ದು ಮಾತ್ರ ಬೇರೆ.

"ಇದು ಮನಿ ಸುದ್ದಿ ಆಯ್ತು ತಂಗಿ. ಇದ್ರಾಗ ಇತಿಹಾಸ ಎಲ್ಲಿ ಅದ?"

"ಹೌದ್ರಿ ಸರ್" ಎಂದು ಆಕೆ ಕೂತಳು. ಹಾಳೆ ನನ್ನ ಚೀಲದಲ್ಲಿ ಉಳಿಯಿತು. ಮರೆತು ಉಳಿದದ್ದಲ್ಲ.

ಆಗ ನಾನು ಮಳಖೇಡದ ಅರಸರ ಕಾಲದ ಕಾದಂಬರಿಯೊಂದರಲ್ಲಿ ಸಿಕ್ಕಿಬಿದ್ದಿದ್ದೆ. ಶಾಸನಗಳನ್ನೆಲ್ಲ ಅರೆದು ಕುಡಿದರೂ ಪುಸ್ತಕಕ್ಕೆ ಜೀವ ಬಂದಿರಲಿಲ್ಲ. ಆ ಚಪ್ಪಲಿಯನ್ನು ಸಾವಿರ ವರ್ಷ ಹಿಂದಕ್ಕೆ ಒಯ್ದೆ. ರಾಜಕುಮಾರ ಸತ್ತ ಸುದ್ದಿ ತಂದ ದೂತ ಅದನ್ನು ಎತ್ತಿ ಹಿಡಿದು ದಡದಲ್ಲಿ ಮಾತಿಲ್ಲದೆ ನಿಂತ. ಕಾಗಿಣಾ ಅಂಬಿಗರಲ್ಲಿ ಸಾವನ್ನು ಕೂಗಿ ಹೇಳದೆ ಚಪ್ಪಲಿ ಎತ್ತಿ ತೋರಿಸುವ ಪದ್ಧತಿ ಇತ್ತು ಎಂದು ಅಡಿಟಿಪ್ಪಣಿಯನ್ನೂ ಹಾಕಿದೆ. ಆಧಾರ ಕೇಳಿದವರಿಗೆ ಕ್ಷೇತ್ರಕಾರ್ಯ ಎಂದೆ.

ಪುಸ್ತಕ ಗೆದ್ದಿತು, ದೂತನ ಆ ಎರಡು ಪುಟದಿಂದಲೇ ಗೆದ್ದಿತು. ಶಹಾಬಾದಿನಲ್ಲಿ ಅದನ್ನು ನಾಟಕ ಮಾಡಿದರು. ಚಪ್ಪಲಿ ಮೇಲೆದ್ದಾಗ ಜನ ಕಣ್ಣೊರೆಸಿಕೊಂಡರು. ಚಿಂಚೋಳಿಯ ಸಭೆಯಲ್ಲಿ ಹಿರಿಯರೊಬ್ಬರು ಎದ್ದು, "ನಮ್ಮ ಕಡೀನೂ ಹಿಂಗೇ ಇತ್ತು, ನಾ ಕಣ್ಣಾರೆ ನೋಡೀನಿ" ಎಂದರು. ನಾನು ಕೈಮುಗಿದೆ.

ಸೇಡಂನಲ್ಲಿ ಸನ್ಮಾನವಾಯಿತು. ಶಾಲು ಹೊದ್ದು ಕೂತಿದ್ದಾಗ ಆ ಹುಡುಗಿ ಪುಸ್ತಕ ಹಿಡಿದು ಬಂದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ; ಕದ್ದಿರಿ ಎಂದರೆ ಏನು ಹೇಳಬೇಕೆಂದು ಉತ್ತರ ಹೊಂದಿಸಿಕೊಂಡೆ. ಆಕೆ ಹಾಗೆ ಅನ್ನಲೇ ಇಲ್ಲ.

"ಸರ್, ಪದ್ಧತಿ ಅಂತ ಬರ್ದೀರಿ. ಅಂಥಾ ಪದ್ಧತಿ ಯಾವ್ದೂ ಇದ್ದಿಲ್ರಿ. ನಮ್ಮ ಮುತ್ಯಾಗ ಕಿವಿ ಕೇಳ್ತಿದ್ದಿಲ್ಲ. ಎಷ್ಟು ಒದರಿದ್ರೂ ತಿಳೀತಿದ್ದಿಲ್ಲ. ಅದಕ್ಕ ಮಂದಿ ದಿನಾ ದಾಟಾಕ ಟವೆಲ್ ಬೀಸ್ತಿದ್ರು, ಸಾವಾದ್ರ ಚಪ್ಪಲಿ ತೋರಸ್ತಿದ್ರು. ಅವನೊಬ್ಬನ ಸಲುವಾಗಿ ಊರೆಲ್ಲ ಹಂಗ ಮಾಡ್ತಿತ್ತು."

"ಇದನ್ನ ಮೊದಲೇ ಹೇಳಬೇಕಿತ್ತಲ್ಲ ತಂಗಿ."

"ಹಾಳಿ ಹಿಂದ ಬರ್ದಿದ್ದೆ ಸರ್. ನೀವು ತಿರುವಿ ನೋಡ್ಲಿಲ್ಲ."

ನಾನು ಶಾಲು ಸರಿಮಾಡಿಕೊಂಡೆ. ಆಕೆಯೇ ಮುಂದುವರಿಸಿದಳು. "ಈಗ ನಮ್ಮ ಅಣ್ಣನ ಮಕ್ಕಳೂ ಪುಸ್ತಕದಾಗ ಇದ್ದದ್ದೇ ಖರೆ ಅಂತಾರ. ಮುತ್ಯಾ ಅನ್ನಾಂವ ಇದ್ದೇ ಇಲ್ಲ ಅನ್ನಂಗ ಆಗ್ಯಾದ. ಮತ್ತೊಮ್ಮೆ ಅಚ್ಚು ಹಾಕೋ ಮುಂದ ಅದೊಂದು ತಿದ್ರಿ ಸರ್."

ಆಗಲಿ ಎಂದೆ. ಆಕೆ ಮತ್ತೆ ತರಗತಿಗೆ ಬರಲಿಲ್ಲ.

ಮನೆಗೆ ಬಂದು ಹಾಳೆ ಹುಡುಕಿ ತಿರುವಿದೆ. ಎಲ್ಲ ಇತ್ತು. ಒಬ್ಬ ಕಿವುಡನಿಗಾಗಿ ದಡದ ಊರುಗಳೆಲ್ಲ ಕೈಯಲ್ಲಿ ಮಾತಾಡಲು ಕಲಿತದ್ದನ್ನು ಆಕೆ ಆರು ಸಾಲಿನಲ್ಲಿ ಬರೆದಿದ್ದಳು. ನನ್ನ ಅಷ್ಟು ದಪ್ಪ ಪುಸ್ತಕದಲ್ಲಿ ಅಂಥ ಆರು ಸಾಲಿಲ್ಲ. ಮೊದಲು ಆದದ್ದು ಹೊಟ್ಟೆಕಿಚ್ಚು. ನಾಚಿಕೆ ಆಮೇಲೆ ಬಂತು.

ಹೋದ ತಿಂಗಳು ಪ್ರಕಾಶಕರು ಫೋನ್ ಮಾಡಿ, ಮರುಮುದ್ರಣಕ್ಕೆ ತಿದ್ದುವುದೇನಾದರೂ ಇದೆಯೇ ಎಂದು ಕೇಳಿದರು. ಹಾಳೆ ಮೇಜಿನ ಮೇಲೇ ಇತ್ತು, ಹಿಂಬದಿ ಮೇಲಾಗಿ. ಅಡಿಟಿಪ್ಪಣಿ ತೆಗೆದರೆ ಆ ಎರಡು ಪುಟ ಬೀಳುತ್ತವೆ. ಅವು ಬಿದ್ದರೆ ಪುಸ್ತಕದಲ್ಲಿ ಉಳಿಯುವುದು ನಾನು ಬರೆದದ್ದು ಮಾತ್ರ.

"ಏನಿಲ್ಲ, ಹಂಗೇ ಹಾಕ್ರಿ" ಎಂದೆ.