ರೇಡಿಯೋದಲ್ಲಿ ಮಾರಿದ ಮೇಕೆ

ಟೆಕ್ಸಾಸಿನ ಲಿಯಾಂಡರ್ ಊರಿನ ನಮ್ಮ ಮನೆಯನ್ನು ಮೂರು ತಿಂಗಳು ಚೌಕಾಸಿ ಮಾಡಿ ಕೊಂಡವನು ನಾನು. ಬಿಲ್ಡರ್ ಕೊನೆಗೆ ಬೇಸತ್ತು ಹಿತ್ತಲಿನ ಬೇಲಿಯನ್ನೂ ಬಿಟ್ಟಿಯಾಗಿ ಹಾಕಿಸಿಕೊಟ್ಟ. ನಮ್ಮವರು ಯಾರೇ ಕಾರು ಕೊಳ್ಳಲು ಹೊರಟರೂ ನನ್ನನ್ನು ಜೊತೆಗೆ ಕರೆಯುತ್ತಾರೆ; ಕರೆಯದಿದ್ದರೂ ನಾನು ಹೋಗುತ್ತೇನೆ. ಇಂಥವನಿಗೆ ಅರುವತ್ತು ವರ್ಷದ ಹಿಂದೆ ಮಾರಾಟವಾದ ಒಂದು ಮೇಕೆಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು ಎಂದರೆ ನೀವು ನಂಬಬೇಕು.

ಎರಡು ಸಾವಿರದ ಹದಿನೈದರ ಸುಮಾರು. ಆರನೇ ಕ್ಲಾಸಿನ ಮಗಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ಟೆಕ್ಸಾಸಿನ ಹಳ್ಳಿಗಾಡಿನಲ್ಲಿ ಬೆಳೆದ ಹಿರಿಯರೊಬ್ಬರ ಬಾಯಿಂದ ಅವರ ಬಾಲ್ಯದ ರೇಡಿಯೋ, ಟಿವಿಯ ನೆನಪುಗಳನ್ನು ರೆಕಾರ್ಡ್ ಮಾಡಿ ತರಬೇಕು, ನಡುವೆ ಕತ್ತರಿ ಹಾಕುವಂತಿಲ್ಲ. ಪಕ್ಕದ ಮನೆಯ ಅಜ್ಜ ಒಪ್ಪಿಕೊಂಡರು. ನಾನೂ ಅವರ ಜಗುಲಿಯಲ್ಲಿ ಒಂದು ಕುರ್ಚಿ ಎಳೆದುಕೊಂಡು ಕುಳಿತೆ.

ಅವರೂರಿನ ಟಿವಿಯಲ್ಲಿ ಮಳೆ ಗಾಳಿಯ ಸುದ್ದಿ ಹೇಳುವವನೇ ಸಂಜೆ ಟೈರ್ ಅಂಗಡಿಯ ಜಾಹೀರಾತಿಗೂ ಬರುತ್ತಿದ್ದನಂತೆ. ರೇಡಿಯೋ ಇನ್ನೂ ಹತ್ತಿರದ್ದು. ಬೆಳಿಗ್ಗೆ ಒಂದು ಕಾರ್ಯಕ್ರಮ: ಊರಿನವರು ಫೋನ್ ಮಾಡಿ ತಮ್ಮಲ್ಲಿ ಮಾರಲು ಏನಿದೆಯೆಂದು ತಾವೇ ಹೇಳುವುದು. ಹಳೇ ಮಂಚ, ನಾಯಿಮರಿ, ಟ್ರ್ಯಾಕ್ಟರ್ ಚಕ್ರ. ಆಗ ಒಂಬತ್ತು ವರ್ಷದವರಾಗಿದ್ದ ಅಜ್ಜ ಫೋನ್ ಮಾಡಿ ತಮ್ಮ ಮೇಕೆಯನ್ನು ಮಾರಿದರಂತೆ. "ನನ್ನ ದನಿ ಸುತ್ತಲಿನ ಅಷ್ಟೂ ಊರಿಗೆ ಕೇಳಿಸಿತು. ಮೊದಲು ಫೋನ್ ಮಾಡಿದವರು ನಾನು ಹೇಳಿದ ಬೆಲೆಗೇ ಒಪ್ಪಿದರು, ಕೊಟ್ಟುಬಿಟ್ಟೆ" ಎಂದು ನಕ್ಕರು.

ನನಗೆ ತಡೆಯಲಾಗಲಿಲ್ಲ. "ಮೊದಲ ಗಿರಾಕಿಗೇ ಕೊಟ್ಟಿರಾ? ತಪ್ಪು ಮಾಡಿದಿರಿ! ಇನ್ನಿಬ್ಬರು ಕೇಳುವವರೆಗೆ ಕಾಯಬೇಕಿತ್ತು. ಬೆಲೆಯನ್ನು ಮೊದಲು ನೀವು ಹೇಳಲೇಬಾರದಿತ್ತು" ಎಂದು ಇಂಗ್ಲಿಷಿನಲ್ಲಿ ಬೋಧನೆ ಶುರು ಮಾಡಿದೆ. ಮೇಕೆಯ ಹಲ್ಲು ನೋಡಿ ವಯಸ್ಸು ಹೇಳುವ ಉಪಾಯದವರೆಗೂ ಹೋದೆ.

"ಅಪ್ಪಾ, ಸ್ಟಾಪ್!" ಮಗಳು ರೆಕಾರ್ಡ್ ಮಾಡುತ್ತಿದ್ದ ಫೋನನ್ನು ಕೆಳಗಿಟ್ಟಳು. "ಯು ರೂಯಿನ್ಡ್ ಇಟ್."

ಅಜ್ಜನಿಗೆ ಅಷ್ಟರಲ್ಲಿ ದಣಿವಾಗಿತ್ತು. ನಾಳೆ ಬಾ ಮಗು, ಇನ್ನೊಮ್ಮೆ ಹೇಳುತ್ತೇನೆ ಎಂದರು.

ಮನೆಗೆ ಬಂದು ಮಗಳು ಸಿಂಕಿಗೆ ಒರಗಿ ನಿಂತಳು. "ನಿಮಗೆ ಜೆಲಸಿ ಅಪ್ಪಾ."

"ಮೇಕೆ ಮಾರಿದವನ ಮೇಲೆ ನಂಗ್ಯಾಕಮ್ಮ ಜೆಲಸಿ?" ಎಂದೆ. ಎಂದಮೇಲೆ, ಹೆಂಡತಿಗೂ ಹೇಳದಿದ್ದ ಒಂದು ಸಂಗತಿ ಬಾಯಿಗೆ ಬಂತು.

ನಾನು ಹುಡುಗನಾಗಿದ್ದಾಗ ಅರಸೀಕೆರೆಯ ನಮ್ಮ ಬೀದಿಯಲ್ಲಿ ರೇಡಿಯೋಗೆ ಹಾಡಿನ ಕೋರಿಕೆ ಬರೆಯುತ್ತಿದ್ದವನು ನಾನು, ಅಕ್ಷರ ದುಂಡಗಿತ್ತು. ಒಂದೇ ಅಂಚೆ ಕಾರ್ಡಿನಲ್ಲಿ ಇಡೀ ಬೀದಿಯನ್ನು ತುರುಕಿದರೆ ಲಾಭ ಎಂಬ ಬುದ್ಧಿ ಆಗಲೇ ಇತ್ತು. ಹದಿನಾಲ್ಕು ಹೆಸರು ಹಿಡಿಸಿದೆ. ಬರೆದವನ ಹೆಸರು ಕೊನೆಗಿರುವುದೇ ಮರ್ಯಾದೆ ಎಂದು ಅಮ್ಮ ಹೇಳಿದ್ದರಿಂದ ನನ್ನದು ಕೊನೆಯದು. ಒಂದು ಭಾನುವಾರ ನಮ್ಮ ಕಾರ್ಡು ರೇಡಿಯೋದಲ್ಲಿ ಬಂದೇ ಬಂತು. ಉದ್ಘೋಷಕಿ ಒಂಬತ್ತು ಹೆಸರು ಓದಿ, "ಮತ್ತಿತರರು" ಎಂದು ಹಾಡು ಹಾಕಿಬಿಟ್ಟರು. ಇಸ್ತ್ರಿ ಅಂಗಡಿಯವನ ಹೆಸರು ಬಂತು. ಕಾರ್ಡು ಯಾವ ಬಣ್ಣದ್ದೆಂದೂ ನೋಡಿರದ ಎದುರುಮನೆಯವನ ಹೆಸರು ಬಂತು. ಅವನಂತೂ ವಾರವಿಡೀ ಎದೆಯುಬ್ಬಿಸಿಕೊಂಡು ತಿರುಗಿದ. ಅವನ ಸೈಕಲ್ಲಿನ ಗಾಳಿ ಬಿಟ್ಟವನು ನಾನೇ.

ಮಗಳು ನಗಲಿಲ್ಲ. "ಸೋ ಯು ವರ್ ದಿ 'ಅದರ್ಸ್'. ಮತ್ತೆ ಬರೀಲಿಲ್ವಾ? ನಿಮ್ಮ ಹೆಸರು ಫಸ್ಟ್ ಹಾಕಿ?"

"ಇಲ್ಲಮ್ಮ."

"ಬಟ್ ಯು ಆಸ್ಕ್ ಎವ್ರಿಬಡಿ ಫಾರ್ ಎವ್ರಿಥಿಂಗ್!"

ಬೇಲಿ ಕೇಳುವುದು ಸುಲಭ.

ಮರುದಿನ ಮಧ್ಯಾಹ್ನ ಅವಳು ಹೊರಡುವಾಗ, "ನಾನೂ ಬರಲಾ? ಬಾಯಿ ಬಿಡಲ್ಲ" ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ ಒಂದು ಷರತ್ತು ಹಾಕಿದಳು: ಕುರ್ಚಿ ಬೇಡ, ಮೆಟ್ಟಿಲ ಮೇಲೆ ಕೂರಬೇಕು. ಚೌಕಾಸಿ ಮಾಡದೆ ಒಪ್ಪಿದೆ.

ಅಜ್ಜ ಮತ್ತೆ ಮೊದಲಿನಿಂದ ಹೇಳಿದರು. ಈ ಸಲ ಕತೆ ಸ್ವಲ್ಪ ಉದ್ದವಾಯಿತು. ಮೇಕೆಯನ್ನು ಮಾರುವ ಅಗತ್ಯವೇ ಇರಲಿಲ್ಲವಂತೆ. ಫೋನಿನಲ್ಲಿ ಏನು ಹೇಳಬೇಕೆಂದು ಒಂದು ವಾರ ಕೊಟ್ಟಿಗೆಯಲ್ಲಿ ಅದರೆದುರೇ ನಿಂತು ಅಭ್ಯಾಸ ಮಾಡಿದ್ದರಂತೆ. "ರೇಡಿಯೋದಲ್ಲಿ ಮಾತಾಡಲು ಸಿಕ್ಕರೆ ಸಾಕಿತ್ತು. ಅವರು ಪುಕ್ಕಟೆ ಕೇಳಿದ್ದರೂ ಕೊಡುತ್ತಿದ್ದೆ."

ಈ ಮನುಷ್ಯನಿಗೆ ವ್ಯಾಪಾರ ತಿಳಿಯದು ಎಂದುಕೊಂಡಿದ್ದೆ. ತಮಗೆ ಬೇಕಾದದ್ದು ಯಾವುದೆಂದು ಒಂಬತ್ತನೇ ವಯಸ್ಸಿಗೇ ಗೊತ್ತಿದ್ದು, ಅದನ್ನು ಮೇಕೆ ಕೊಟ್ಟು ಪಡೆದುಕೊಂಡಿದ್ದರು. ಹಲ್ಲು ಕಚ್ಚಿ ಮೆಟ್ಟಿಲ ಮೇಲೇ ಕುಳಿತಿದ್ದೆ.

ಮಗಳು ಬಟನ್ ಒತ್ತಿ ರೆಕಾರ್ಡಿಂಗ್ ನಿಲ್ಲಿಸಿದಳು. ಅವಳ ಕೆಲಸ ಮುಗಿದಿತ್ತು, ನನ್ನ ದನಿ ಎಲ್ಲೂ ಬಿದ್ದಿರಲಿಲ್ಲ. ನನ್ನ ಕಡೆ ತಿರುಗಿ, "ಈಗ ಮಾತಾಡಿ ಅಪ್ಪಾ, ಇಟ್ಸ್ ಓಕೆ" ಎಂದಳು.

ನಾನು ಅಜ್ಜನನ್ನು ಒಂದೇ ಒಂದು ಪ್ರಶ್ನೆ ಕೇಳಿದೆ. "ಆ ರೇಡಿಯೋದವನು ನಿಮ್ಮ ಹೆಸರು ಹೇಳಿದನೇ?"

"ಎರಡು ಸಲ" ಎಂದರು ಅಜ್ಜ.