ಜಾರುವ ಗ್ರೀನು, ಹೋಗದ ಕರೆಂಟು

ಹೊಳೆನರಸೀಪುರದ ತಾಲ್ಲೂಕು ಕಚೇರಿಯ ಬೀದಿಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿಯಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ಕುಟ್ಟಲು ಕೂತವನು ನಾನು. ನನ್ನ ಹೊಡೆತ ಬಲು ಜೋರು. ಪೂರ್ಣವಿರಾಮ ಒತ್ತಿದರೆ ಕಾಗದದಲ್ಲಿ ತೂತು ಬೀಳುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಟೈಪ್‌ರೈಟರ್ ಜಾಗಕ್ಕೆ ಕಂಪ್ಯೂಟರ್ ಬಂತು, ಅದರ ಹಿಂದೆಯೇ ಇಂಟರ್ನೆಟ್ಟೂ ಬಂತು. ಕೈಯ ಬಲ ಮಾತ್ರ ಕಡಿಮೆಯಾಗಲಿಲ್ಲ. ಆ ಕೈಯಿಂದಲೇ ನಾನೊಂದು ತಪ್ಪು ಮಾಡಿದೆ. ಈಗ ನೆನೆದರೆ ನಗು ಬರುತ್ತದೆ, ಆದರೂ ತಪ್ಪು ತಪ್ಪೇ.

ಹೈಸ್ಕೂಲಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯನೊಬ್ಬನಿದ್ದ, ಮಲ್ಲಿಪಟ್ಟಣದ ಕಡೆಯವನು. ಲೈನ್‌ಮನ್ ಆಗಿದ್ದು ನಿವೃತ್ತನಾಗಿ ಅರಕಲಗೂಡಿನಲ್ಲಿ ನೆಲೆಸಿದ್ದ. ಟೀಚರ್ ಆಗಿದ್ದ ಅವನ ಮಗಳು ಚನ್ನರಾಯಪಟ್ಟಣಕ್ಕೆ ವರ್ಗವಾದಾಗ ತನ್ನ ಕಂಪ್ಯೂಟರನ್ನು ಅಪ್ಪನಿಗೇ ಬಿಟ್ಟುಹೋದಳು. ನಾವಿಬ್ಬರೂ ಹಳೇ ಕ್ಯಾರಂ ಹುಚ್ಚಿನವರು. ಇಂಟರ್ನೆಟ್ಟಿನಲ್ಲಿ ಕ್ಯಾರಂ ಹುಡುಕಲು ಹೋದ ನನಗೆ ಕಂಪ್ಯೂಟರಿನಲ್ಲೇ ಆಡುವ ಗಾಲ್ಫ್ ಸಿಕ್ಕಿತು. ಇಬ್ಬರೂ ಗಾಲ್ಫ್ ಮೈದಾನವನ್ನು ಕಣ್ಣಾರೆ ಕಂಡವರಲ್ಲ. ಆದರೂ ಮಧ್ಯಾಹ್ನ ಊಟವಾದ ಮೇಲೆ, ಕಚೇರಿಯವರೂ ಅರ್ಜಿದಾರರೂ ತೂಕಡಿಸುವ ಹೊತ್ತಿನಲ್ಲಿ, ಅವನು ಅಲ್ಲಿ, ನಾನು ಇಲ್ಲಿ, ಫೋನಿನ ಸ್ಪೀಕರ್ ಹಾಕಿಕೊಂಡು ಆಡತೊಡಗಿದೆವು.

ದೂರದ ಹೊಡೆತದಲ್ಲಿ ನಾನೇ ಮುಂದು. ಕಷ್ಟ ಬರುತ್ತಿದ್ದುದು ಕೊನೆಯಲ್ಲಿ, ಚೆಂಡು ಬೀಳಬೇಕಾದ ಗುಂಡಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ. ಅದನ್ನು ಗ್ರೀನ್ ಎನ್ನುತ್ತಾರೆ. ಕೆಲವು ಗ್ರೀನುಗಳಿಗೆ ಆಟ ತಯಾರಿಸಿದವರು 'ಬಹಳ ವೇಗ' ಎಂದು ಗುರುತು ಹಾಕಿರುತ್ತಿದ್ದರು. ಬೋರಿಕ್ ಪೌಡರ್ ಸುರಿದ ಕ್ಯಾರಂ ಬೋರ್ಡಿನ ಹಾಗೆ. ಚೆಂಡನ್ನು ಸುಮ್ಮನೆ ಮುಟ್ಟಿದರೂ ಸಾಕು, ಜಾರುತ್ತ ಹೋಗುತ್ತದೆ. ಇಳಿಜಾರಾದರಂತೂ ನಿಲ್ಲುವುದೇ ಇಲ್ಲ. ಮೂವತ್ತು ಅಡಿ ದೂರವಿದ್ದರೆ ಹತ್ತು ಅಡಿಗೆ ಸಾಕಾಗುವಷ್ಟೇ ಬಲ ಹಾಕಿ ಹೊಡೆಯಬೇಕು. ಅದು ನನ್ನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

"ಅಂಗಲ್ಲ ಕಣ್ಲಾ, ಮೊಳೆ ಒಡಿತಾ ಇದ್ದೀಯೇನ್ಲಾ?" ಎಂದು ಅವನು ಅಲ್ಲಿಂದ ನಗುವನು. "ಚೆಂಡ್ನ ಗುಂಡಿ ಮೇಲ್ಗಡೆ ನಿಲ್ಸ್‌ಬ್ಯಾಡ. ಕೆಳಗಡೆ ನಿಲ್ಸು. ಆಮೇಲೆ ಏರಿಗೆ ಒಡಿಯೋದು ಸಲೀಸು."

ಅವನು ಹೇಳಿದ ಹಾಗೆ ಅವನ ಚೆಂಡು ನಿಲ್ಲುತ್ತಿತ್ತು. ನನ್ನದು ಗುಂಡಿಯ ಅಂಚನ್ನು ಸವರಿ, ಗ್ರೀನ್ ದಾಟಿ, ನೀರಿಗೆ ಬೀಳುತ್ತಿತ್ತು.

ಒಂದು ದಿನ ಗೆಲ್ಲುವ ಆಟ ಹೀಗೇ ಕೈತಪ್ಪಿತು. ಚೆಂಡು ಜಾರುತ್ತಿರುವಾಗಲೇ ನನ್ನ ಕೈ ಇಂಟರ್ನೆಟ್ಟಿನ ಡಬ್ಬಿಯ ಪ್ಲಗ್ ಕಿತ್ತಿತು. ಅರ್ಧದಲ್ಲಿ ಒಬ್ಬರು ಮಾಯವಾದರೆ ಆ ಆಟ ರದ್ದು. ಯಾರೂ ಸೋತ ಲೆಕ್ಕವಲ್ಲ.

"ಏನಾಯ್ತ್ಲಾ?" ಎಂದ ಅವನು.

"ಕರೆಂಟ್ ಓಯ್ತು ಕಣ್ಲಾ."

ಕರೆಂಟ್ ಹೋಯಿತೆಂದರೆ ಅಪನಂಬಿಕೆ ಪಡುವವರು ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ನಂಬಿದ. ಅಲ್ಲಿಂದ ನನಗೆ ಅದೇ ಚಾಳಿಯಾಯಿತು. ವೇಗದ ಗ್ರೀನಿನಲ್ಲಿ ಚೆಂಡು ಗುಂಡಿ ದಾಟಿತೋ, ಕರೆಂಟ್ ಹೋಯಿತು. ಫ್ಯಾನಿನ ಸದ್ದು ಫೋನಿನಲ್ಲಿ ಕೇಳಬಾರದೆಂದು ಅದನ್ನೂ ಆರಿಸಿ ಬೆವರುತ್ತ ಕೂರುತ್ತಿದ್ದೆ. ಯುಪಿಎಸ್ ಇಲ್ಲವೇ ಎಂದು ಕೇಳಿದಾಗ ಬ್ಯಾಟರಿ ಸತ್ತಿದೆ ಎಂದೆ.

ನಾನು ಮರೆತದ್ದು ಒಂದೇ. ಆ ಬೀದಿಯ ಲೈನನ್ನು ಎಳೆದವನೇ ಅವನು. ತೊಂಬತ್ತರ ದಶಕದಲ್ಲಿ ಅವನು ನಮ್ಮೂರಿನಲ್ಲಿದ್ದಾಗ, ನನ್ನ ಅಂಗಡಿಗೆ ತಂತಿ ಇಳಿಯುವ ಕಂಬದ ಮೇಲಿನ ಗಂಟನ್ನೂ ತಾನೇ ಬಿಗಿದಿದ್ದ.

ಒಂದು ಬೆಳಿಗ್ಗೆ, ಹೇಳದೆ ಕೇಳದೆ, ಅರಕಲಗೂಡಿನ ಬಸ್ಸಿಳಿದು ಅಂಗಡಿಗೆ ಬಂದ. ಜೊತೆಗೆ ಈಗಿನ ಲೈನ್‌ಮನ್. ಐವತ್ತರ ಹತ್ತಿರದವನು, ಹಿಂದೆ ಇವನ ಕೈಕೆಳಗೆ ಕೆಲಸ ಕಲಿತವನು. ಗೆಳೆಯನ ಮುಖ ಬಾಡಿತ್ತು.

"ಇವನ್ನ ಕೇಳ್ದೆ, ಬೀದೀಲಿ ಬೇರೆಲ್ಲೂ ಓಗಿಲ್ವಂತೆ. ನಿನ್ನೊಬ್ಬನ ಅಂಗಡೀಲೇ ಓಯ್ತದೆ ಅಂದ್ರೆ ಲೈನಿಂದಲ್ಲ, ಆ ಗಂಟಿಂದೇ. ನಾ ಕಟ್ಟಿದ್ದು ಸಡಿಲ ಆಗೈತೆ. ನಾಕು ದಿನದಿಂದ ಅನ್ನ ಸೇರ್ತಿಲ್ಲ ಕಣ್ಲಾ. ಯಾರಾದ್ರೂ ತಂತಿ ತಗುಲಿ ಸತ್ರೆ?"

ಅಷ್ಟು ಕೇಳಿಯೂ ಸುಮ್ಮನಿದ್ದೆ. ಇದೇ ನಾನು ಮಾಡಿದ ದೊಡ್ಡ ಪಾಪ. ಲೈನ್‌ಮನ್ ಟ್ರಾನ್ಸ್‌ಫಾರ್ಮರಿನ ಫ್ಯೂಸ್ ತೆಗೆದ. ಇಡೀ ಬೀದಿಗೆ ಕರೆಂಟ್ ಹೋಯಿತು, ಈ ಸಲ ನಿಜವಾಗಿ. ಜೆರಾಕ್ಸ್ ನಿಂತಿತು. ಪಹಣಿಗೆ ಸಾಲು ನಿಂತವರು ಬೈಯತೊಡಗಿದರು. ಲೈನ್‌ಮನ್ ಬಿಸಿಲಿನಲ್ಲಿ ಕಂಬ ಹತ್ತಿದ. ಕೆಳಗೆ ನನ್ನ ಗೆಳೆಯ ಹಣೆಗೆ ಕೈ ಅಡ್ಡ ಹಿಡಿದು, ಕತ್ತೆತ್ತಿ ನಿಂತಿದ್ದ. ಪರೀಕ್ಷೆಯ ಫಲಿತಾಂಶದ ಹಲಗೆ ನೋಡುವ ಹುಡುಗನ ಮುಖ.

"ಎಲ್ಲ ಸರಿಯಾಗೈತೆ ಸಾ," ಎಂದು ಲೈನ್‌ಮನ್ ಮೇಲಿನಿಂದ ಕೂಗಿದ.

"ಇಲ್ಲ, ಬಿಚ್ಚು. ಬೇರೆ ಕಟ್ಟು. ನನ್ನ ಕೈ ಆಗ್ಲೇ ಕೆಟ್ಟಿತ್ತೇನೋ."

ಬಿಚ್ಚು ಎಂದ ಮಾತನ್ನು ನನಗೆ ತಡೆಯಲಾಗಲಿಲ್ಲ. "ಬಿಚ್ಚಬೇಡಿ!" ಎಂದು ಓಡಿಹೋದೆ. ಬೀದಿಯ ಮಧ್ಯದಲ್ಲೇ ಎಲ್ಲ ಹೇಳಿಬಿಟ್ಟೆ. ಪ್ಲಗ್ಗು, ಫ್ಯಾನು, ಬ್ಯಾಟರಿ, ಒಂದನ್ನೂ ಬಿಡಲಿಲ್ಲ.

ಅವನು ಬೈಯಲಿಲ್ಲ. ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು, "ಎಷ್ಟ್ ಸಲ?" ಎಂದ.

"ಆರೋ ಏಳೋ."

"ಸರಿಯಾಗ್ ಹೇಳ್ಲಾ."

"ಒಂಬತ್ತು."

ಅಷ್ಟರಲ್ಲಿ ಇಳಿದು ಬಂದಿದ್ದ ಲೈನ್‌ಮನ್ ಸೊಂಟದ ಹಗ್ಗ ಬಿಚ್ಚುತ್ತ, "ನಿಮ್ ಚೆಂಡು ಗುಂಡಿಗ್ ಬೀಳ್ನಿಲ್ಲ ಅಂತ ನನ್ನ ಕಂಬ ಅತ್ಸುದ್ರಾ ಸಾ?" ಎಂದ. ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. ನನ್ನ ಗೆಳೆಯ ನಗಲಿಲ್ಲ.

"ನನ್ನತ್ರ ಸೋತ್ರೆ ನಿಂಗೇನ್ಲಾ ಕಮ್ಮಿ ಆಯ್ತಿತ್ತು?" ಎಂದ. ಅವನ ಕಾಲು ಮುಟ್ಟಲು ಬಗ್ಗಿದೆ. "ಥೂ, ಏಳ್ಲಾ ಮೇಲೆ. ಆ ನಾಟ್ಕ ಬ್ಯಾಡ. ಆಟ ಹಾಕು. ಆ ಜಾರೋ ಗ್ರೀನೇ ಹಾಕು. ಚೆಂಡು ಬೀಳೋಗಂಟ ಏಳಂಗಿಲ್ಲ."

ಫ್ಯೂಸ್ ಹಾಕಿಸಿ ನಾಲ್ಕು ಟೀ ತರಿಸಿದೆ. ಸಾಲಿನಲ್ಲಿದ್ದ ಮುದುಕಪ್ಪನೊಬ್ಬನೂ ನೋಡಲು ಒಳಗೆ ಬಂದಿದ್ದ. ಗುಂಡಿಯ ಮೇಲ್ಗಡೆ, ಇಳಿಜಾರಿನಲ್ಲಿ ನನ್ನ ಚೆಂಡು. ಹೊಡೆದೆ, ದಾಟಿತು. ಆ ಕಡೆಯಿಂದ ಹೊಡೆದೆ. ಏರು ಹತ್ತಿ, ನಿಂತ ಹಾಗೆ ಮಾಡಿ, ಹಿಂದಕ್ಕೇ ಉರುಳಿ ಬಂತು. ಮೂರು, ನಾಲ್ಕು, ಐದು. ಲೈನ್‌ಮನ್ ಜೋರಾಗಿ ಎಣಿಸುತ್ತಿದ್ದ. "ಇವ್ರು ಎತ್ತು ಒಡಿತಾವ್ರಾ?" ಎಂದ ಮುದುಕಪ್ಪ. ಗೆಳೆಯ ಕೊನೆಗೂ ನಕ್ಕ. ನನ್ನ ಕೈಯ ಮೇಲೆ ತನ್ನ ಕೈ ಇಟ್ಟು, "ಮೆಲ್ಲಗೆ. ತಂತಿ ಮುಟ್ಟೋ ಅಂಗೆ," ಎಂದು ಮಾತ್ರ ಹೇಳಿ ಕೈ ತೆಗೆದ. ಎಂಟನೆಯದಕ್ಕೆ ಚೆಂಡು ಬಿತ್ತು. ಕಡಿಮೆ ಹೊಡೆತದವನು ಗೆಲ್ಲುವ ಆಟದಲ್ಲಿ ಅದು ಸೋಲೇ. ಅಷ್ಟು ನೆಟ್ಟಗೆ ನಾನು ಯಾವ ಆಟವನ್ನೂ ಸೋತಿರಲಿಲ್ಲ. ಎದೆ ಹಗುರವಾಯಿತು.

ಟೀ ಮುಗಿಸಿ ಅವನು ಬಸ್ಸಿಗೆಂದು ಎದ್ದ. ಬಾಗಿಲಲ್ಲಿ ನಿಂತು ಕಂಬದ ಕಡೆ ನೋಡಿದ. ಆಮೇಲೆ, ಏನೋ ಲೆಕ್ಕಕ್ಕಿಲ್ಲದ ಮಾತೆಂಬಂತೆ, ಲೈನ್‌ಮನ್ನನ್ನು ಕೇಳಿದ:

"ಅಂದಂಗೆ, ಹೆಂಗಿತ್ತ್ಲಾ ಆ ಗಂಟು?"

"ಕಟ್ಟಿದ್ ದಿನ ಹೆಂಗಿತ್ತೋ ಅಂಗೇ ಐತೆ ಸಾ. ಕಲ್ಲಿದ್ದಂಗೆ."

"ಊಂ," ಎಂದ ನನ್ನ ಗೆಳೆಯ. ನಿಲ್ದಾಣದವರೆಗೂ ಜೊತೆಗೆ ನಡೆದೆ. ದಾರಿಯುದ್ದಕ್ಕೂ ಅವನು ಪ್ರತಿಯೊಂದು ಕಂಬವನ್ನೂ ಕತ್ತೆತ್ತಿ ನೋಡಿಕೊಂಡೇ ಬಂದ. ಹಸಿವಾಗುತ್ತಿದೆ, ಹೋಟೆಲಿಗೆ ಹೋಗೋಣ ಎಂದ.