ದೊಡ್ಡಮ್ಮನ ಹಲಸಿನ ಕರೆಂಟು

ಗ್ಯಾಸು ತುಂಬಿದ ಟ್ಯಾಂಕಿನೊಳಗೆ ಹೊತ್ತಿಸಿದ ಲಾಟೀನು ಇಳಿಸಲು ಹೊರಟ ಮಹಾನುಭಾವ ನಾನು. ಎಲೆಕ್ಟ್ರಿಕಲ್ ಡಿಪ್ಲೊಮಾ ಪಾಸಾದವನು ಬೇರೆ! ಕಳೆದ ವಾರ ಬ್ರಹ್ಮಾವರದ ಹೋಟೆಲೊಂದರಲ್ಲಿ, ಮೇಜಿನ ಮೇಲೆ ಅಲಂಕಾರಕ್ಕೆಂದು ಅಂಥದ್ದೇ ಲಾಟೀನು ಉರಿಯುತ್ತಿತ್ತು. ಪಕ್ಕದವರು ಹಲಸಿನ ಹಣ್ಣಿನ ಐಸ್‌ಕ್ರೀಮ್ ತರಿಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ, ಎದ್ದು ನಿಂತು ಬತ್ತಿ ಇಳಿಸಿ ಆರಿಸಿಬಿಟ್ಟೆ. ಸಪ್ಲಾಯರ್ ನನ್ನನ್ನೇ ನೋಡಿದ.

ನಮ್ಮೂರು ನಾವುಂದದಲ್ಲಿ ದೊಡ್ಡಮ್ಮನದು ನಮ್ಮ ಪಕ್ಕದ ಮನೆ. ಸಂಬಂಧವೇನಿಲ್ಲ, ಆದರೂ ನನಗೆ ದೊಡ್ಡಮ್ಮ. ಹಿತ್ತಲಿನ ಶೆಡ್ಡಿನಲ್ಲಿ ನಾಲ್ಕು ಹೆಂಗಸರ ಜೊತೆ ಹಲಸಿನ ಚಿಪ್ಸು, ಹಪ್ಪಳ ಮಾಡುತ್ತಿದ್ದರು. ಸೊಳೆ ಬಿಡಿಸಿದ ಮೇಲೆ ಉಳಿಯುವ ಸಿಪ್ಪೆ, ನಾರು, ನಡುವಿನ ಗೂಂಜು ತಿಂದು ತಿಂದು ದನಗಳೇ ಸೋತಿದ್ದವು. ಅದನ್ನು ಕೊಚ್ಚಿ, ಸಗಣಿ ನೀರಿನ ಜೊತೆ ಟ್ಯಾಂಕಿಗೆ ಹಾಕಿ, ಬಂದ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಕರೆಂಟು ತೆಗೆದರು ದೊಡ್ಡಮ್ಮ. ಎಂಜಿನ್ನು, ವೈರಿಂಗು ನನ್ನ ಪಾಲು. ಮೊದಲ ಸಲ ಬಲ್ಬು ಹೊತ್ತಿದಾಗ ನಾನು ಮುಟ್ಟಬಾರದ್ದನ್ನು ಮುಟ್ಟಿ ಮೂರು ಮಾರು ಹಾರಿ ಬಿದ್ದಿದ್ದೆ. ಅವರು ನನ್ನ ಕಡೆ ತಿರುಗಲೂ ಇಲ್ಲ, ಬಲ್ಬನ್ನೇ ನೋಡುತ್ತ ಕೂಗಿದರು.

"ಕಾಣ್ ಮಾಣಿ, ಹಲ್ಸಿನ್ ಸಿಪ್ಪಿ ಬೆಳ್ಕ್ ಕೊಡ್ತ್!"

ಒಂದು ಮಧ್ಯಾಹ್ನ ಎಂಜಿನ್ ಕೆಮ್ಮಿ ಕೆಮ್ಮಿ ನಿಂತಿತು. ಗ್ಯಾಸು ಬರುವ ಪೈಪಿಗೆ ನಾರು ಸಿಕ್ಕಿಕೊಂಡಿರಬೇಕೆಂದು ಟ್ಯಾಂಕಿನ ಮುಚ್ಚಳ ತೆಗೆದೆ. ಒಳಗೆ ಕತ್ತಲೆ, ಕೊಳೆತ ಮೊಟ್ಟೆಯ ವಾಸನೆ. ನಮ್ಮಲ್ಲಿ ಬಾವಿಯ ಕೆಸರು ತೆಗೆಯಲು ಇಳಿಯುವ ಮುಂಚೆ ಹಗ್ಗಕ್ಕೆ ಕಟ್ಟಿ ದೀಪ ಇಳಿಸುತ್ತಾರೆ. ದೀಪ ಆರಿದರೆ ಒಳಗೆ ಉಸಿರಾಡಲು ಗಾಳಿಯಿಲ್ಲ ಎಂದು ಅರ್ಥ. ಅಜ್ಜ ಕಲಿಸಿದ ಬುದ್ಧಿ. ನಾನೆಷ್ಟು ಜಾಗ್ರತೆಯ ಮನುಷ್ಯ ಎಂದು ನನಗೇ ಹೆಮ್ಮೆಯಾಯಿತು. ಮನೆಯಿಂದ ಲಾಟೀನು ಹೊತ್ತಿಸಿಕೊಂಡು, ಬಾವಿ ಹಗ್ಗ ಬಿಗಿದು, ಪೂಜೆಗೆ ಹೊರಟವನ ಹಾಗೆ ಅಂಗಳ ದಾಟಿದೆ.

"ಹ್ವಾಯ್! ನಿಲ್! ಅಲ್ಲೇ ನಿಲ್!"

ದೊಡ್ಡಮ್ಮ ಎಣ್ಣೆಗೈಯಲ್ಲೇ ಓಡಿ ಬಂದರು. ಟ್ಯಾಂಕಿನ ಬಾಯಿಗೆ ಹತ್ತು ಹೆಜ್ಜೆ ಇತ್ತೋ ಇಲ್ಲವೋ... "ಎಂತ ದೊಡ್ಡಮ್ಮ?" ಎನ್ನುವಷ್ಟರಲ್ಲಿ ಒಂದು ಬಕೆಟ್ ಸಗಣಿ ನೀರು ಲಾಟೀನಿಗೂ ನನ್ನ ಮುಖಕ್ಕೂ ಬಿತ್ತು. ಗಾಜು ಚಟ್ಟೆಂದು ಒಡೆಯಿತು.

"ಅದ್ ಬಾವಿ ಅಲ್ಲ ಮಾರಾಯ! ಒಳ್ಗ್ ಇಪ್ಪುದ್ ಗ್ಯಾಸ್! ಶೆಡ್ಡಂಗೆ ನಾಲ್ಕ್ ಹೆಂಗ್ಸ್ರ್ ಇದ್ರ್!"

ಆಗ ಅರ್ಥವಾಯಿತು. ಸಗಣಿ ನೀರು ತುಟಿಗಿಳಿದರೂ ಒರೆಸಿಕೊಳ್ಳಲು ಕೈ ಏಳಲಿಲ್ಲ. ದೊಡ್ಡಮ್ಮ ನೆಲದ ಮೇಲೆ ಕುಳಿತುಬಿಟ್ಟರು. ಮತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು...

ಮುಂದಿನ ವಾರವೇ ತಿಳಿದವರನ್ನು ಕರೆಸಿ ಟ್ಯಾಂಕು ಖಾಲಿ ಮಾಡಿಸಿ, ಮಣ್ಣು ತುಂಬಿಸಿದರು. ಎಂಜಿನ್ ಗುಜರಿಗೆ ಹೋಯಿತು. ಕೇಳಿದವರಿಗೆಲ್ಲ "ಎಂಜಿನ್ ಹಾಳಾಯ್ತ್" ಅಂದರು. ನಾನೂ ನಂಬಿದೆ. ನಾನು ನೋಡಿಕೊಳ್ಳುತ್ತಿದ್ದ ಎಂಜಿನ್ನು, ಹಾಳಾಗದೆ ಇರುತ್ತದೆಯೇ!

ದೊಡ್ಡಮ್ಮ ತೀರಿಕೊಂಡು ಎರಡು ವರ್ಷವಾಯಿತು. ಮೊನ್ನೆ ಅವರ ಮಗಳಿಗೆ ಫೋನು ಮಾಡಿ, ಹೋಟೆಲಿನ ಕಥೆ ಹೇಳಿ ನಗಿಸಿದೆ. ನಕ್ಕು ಮುಗಿದ ಮೇಲೆ ಅಕ್ಕ ಅಂದರು:

"ಎಂಜಿನ್ ಎಂತದೂ ಹಾಳಾಯಿರ್ಲಿಲ್ಲ ಮಾಣಿ. ನಾರ್ ತೆಗ್ದ್ರೆ ಓಡ್ತಿತ್ತ್. ಟ್ಯಾಂಕ್ ಮುಚ್ಚುದ್ ಬೇಡ ಅಂದ್ರೂ ಅಮ್ಮ ಕೇಂಡಿಲ್ಲ. 'ಕರೆಂಟ್ ಎಲ್ಲಿಂದಾರೂ ತರ್ಲಕ್ಕ್. ಆಚೆಮನಿ ಮಾಣಿನ ಎಲ್ಲಿಂದ ತರುದ್?' ಅಂದ್ರ್."